ನೇಮಕಾತಿ ಆರ್ಡರ್ ತಗೊಂಡವರು ಊರಲ್ಲಿ ಉಳಿಯಬೇಕಾದರೆ

ಯಾದಗಿರಿ ಜಿಲ್ಲೆಯಲ್ಲಿ ನಾನು ತಾಲ್ಲೂಕು ಆರೋಗ್ಯಾಧಿಕಾರಿ. ನರ್ಸಿಂಗ್ ಓದಿದವರನ್ನು ಈಗ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳು ಕರೆಯುತ್ತವೆ, ಗಲ್ಫ್ ಕರೆಯುತ್ತದೆ, ಜರ್ಮನಿಯೂ ಕರೆಯುತ್ತದೆ. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ಸಂಬಳ ಇಟ್ಟುಕೊಂಡು ಅವರ ಜೊತೆ ಪೈಪೋಟಿ ಆಗುವುದಿಲ್ಲ. ಸಂಬಳ ಏರಿಸುವ ಅಧಿಕಾರವೂ ನನಗಿಲ್ಲ.

ಕಾಯಂ ಹುದ್ದೆಗಳಿಗೆ 2013ರಿಂದ ಸಂವಿಧಾನದ 371(ಜೆ) ವಿಧಿ ಇದೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವಂಥದ್ದು. ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ಈ ಭಾಗದವರಿಗೇ ಮೀಸಲು. ತುಂಬಾ ಬೇಕಾಗಿದ್ದ ಕಾನೂನು ಅದು. ಆದರೆ ಈ ಭಾಗ ಅಂದರೆ ಬೀದರ್‌ನಿಂದ ಬಳ್ಳಾರಿವರೆಗೆ, ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಬೀದರ್ ಹುಡುಗಿಗೆ ನಮ್ಮ ಹಳ್ಳಿಯೂ ಪರ ಊರೇ ಅಲ್ವಾ? ಅದಕ್ಕೆ ಗುತ್ತಿಗೆ ಹುದ್ದೆಗೆ ವಾಕ್-ಇನ್ ಸಂದರ್ಶನ ಇದ್ದಾಗ ಸುತ್ತಲಿನ ನರ್ಸಿಂಗ್ ಕಾಲೇಜುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ನಾನೇ ಸುದ್ದಿ ಮುಟ್ಟಿಸುತ್ತೇನೆ. ಆಯ್ಕೆ ಮೆರಿಟ್ ಮೇಲೆಯೇ. ಅರ್ಜಿ ಹಾಕುವವರಲ್ಲಿ ಅಕ್ಕಪಕ್ಕದ ಊರಿನವರು ಇರಲಿ ಅಂತಷ್ಟೇ ನನ್ನ ಪ್ರಯತ್ನ.

ಬಂದವರು ಯಾಕೆ ಬಿಡುತ್ತಾರೆ ಅಂತ ಕೇಳುತ್ತಾ ಹೋದೆ. ಸಂಬಳಕ್ಕಿಂತ ಮೊದಲು ಬಂದ ಮಾತು ನೈಟ್ ಡ್ಯೂಟಿ. ದಿನದ 24 ಗಂಟೆ ಹೆರಿಗೆ ಮಾಡಿಸುವ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ನಡೆಯುವುದು ಮೂವರು ಸ್ಟಾಫ್ ನರ್ಸ್‌ಗಳ ಮೇಲೆ. ಒಬ್ಬರು ಬಿಟ್ಟರೆ ಉಳಿದ ಇಬ್ಬರಿಗೆ ರಾತ್ರಿ ನಿದ್ದೆಯೂ ಇಲ್ಲ, ರಜೆಯೂ ಇಲ್ಲ. ಸ್ವಲ್ಪ ದಿನಕ್ಕೆ ಅವರಲ್ಲೂ ಒಬ್ಬರು ಹೊರಡುತ್ತಾರೆ. ಖಾಲಿ ಹುದ್ದೆಯೇ ಇನ್ನೊಂದು ಹುದ್ದೆಯನ್ನು ಖಾಲಿ ಮಾಡುತ್ತದೆ. ಈಗ ಯಾರಾದರೂ ಬಿಟ್ಟರೆ ಹೊಸಬರು ಬರುವವರೆಗೆ ಪಕ್ಕದ ಪಿಎಚ್‌ಸಿಗಳಿಂದ ಪಾಳಿಯ ಮೇಲೆ ಒಬ್ಬರನ್ನು ಕಳಿಸುತ್ತೇವೆ. ಡ್ಯೂಟಿ ಪಟ್ಟಿ ತಿಂಗಳ ಮೊದಲೇ ಗೋಡೆಗೆ ಬೀಳಬೇಕು. ಬರೆದ ರಜೆಯನ್ನು ಯಾರೂ ಸುಮ್ನೆ ರದ್ದು ಮಾಡುವಂತಿಲ್ಲ. ವೈದ್ಯಾಧಿಕಾರಿಗಳು ಮೊದಲು ಗೊಣಗಿದರು. ನಾನು ಸಡಿಲ ಬಿಡಲಿಲ್ಲ.

ಆಮೇಲೆ ಕ್ವಾರ್ಟರ್ಸ್. ಬಾಗಿಲು, ಶೌಚಾಲಯ, ಲೈಟು, ಇವು ಸರಿ ಇಲ್ಲದ ಮನೆಯಲ್ಲಿ ಒಬ್ಬಳೇ ಹೆಣ್ಣುಮಗಳು ಇರು ಅಂದರೆ ಹೇಗೆ ಇರುತ್ತಾಳೆ? ಆಸ್ಪತ್ರೆಯ ಬೇಕು-ಬೇಡ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಇದನ್ನೇ ಮೊದಲ ವಿಷಯ ಮಾಡಿಸಿದೆ. ಸಣ್ಣ ರಿಪೇರಿಗೆ ಸಮಿತಿಯ ಹಣ ಬಳಸಬಹುದು. ನೀರಿನ ಲೈನ್ ಗ್ರಾಮ ಪಂಚಾಯ್ತಿ ಕೊಟ್ಟಿತು. ಊರಲ್ಲೇ ಉಳಿದ ನರ್ಸ್ ಇದ್ದ ಕಡೆ ರಾತ್ರಿ ಹೆರಿಗೆಗೆ ಜನ ಧೈರ್ಯವಾಗಿ ಬರುತ್ತಾರೆ.

ಓದು ಮುಗಿಸಿ ಸರ್ಕಾರಿ ಆಸ್ಪತ್ರೆಯ ಕಡ್ಡಾಯ ಸೇವೆಗೆ ಬರುವ ಎಳೆ ಡಾಕ್ಟರ್‌ಗಳ ವಿಷಯ ಬೇರೆ. ಅವರ ಮನಸ್ಸೆಲ್ಲ ಪಿಜಿ ಪರೀಕ್ಷೆಯ ಮೇಲೆ. ಓದೋಕೆ ಸಮಯ ಕೊಟ್ಟರೆ ಇದ್ದಷ್ಟು ದಿನ ಮನಸ್ಸಿಟ್ಟು ಕೆಲಸ ಮಾಡುತ್ತಾರೆ. ಅದಕ್ಕಿಂತ ಜಾಸ್ತಿ ನಿರೀಕ್ಷೆ ನಾನು ಇಟ್ಟುಕೊಂಡಿಲ್ಲ.

ಲ್ಯಾಬ್ ಟೆಕ್ನಿಷಿಯನ್ ಮಾತ್ರ ಇನ್ನೂ ಸಿಗುತ್ತಿಲ್ಲ. ಒಬ್ಬರೇ ಎರಡು ಪಿಎಚ್‌ಸಿಗಳಿಗೆ ದಿನ ಬಿಟ್ಟು ದಿನ ಹೋಗುತ್ತಿದ್ದಾರೆ. ಅವರ ಓಡಾಟದ ಖರ್ಚು ಕೊಡಿಸಲು ಜಿಲ್ಲೆಗೆ ಬರೆದಿದ್ದೇನೆ. ಅವರೂ ಬಿಟ್ಟುಹೋಗುವ ಮೊದಲು ಅದು ಮಂಜೂರಾಗಬೇಕು.