ಮೂನ್‌ಲೈಟ್ ಸೊನಾಟಾ: ಮಂದ್ರದಿಂದ ಮೇಲಕ್ಕೆ ಕಲಿಯುವ ಬಗೆ

ಪಿಯಾನೊ ಕಲಿಯುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಬೀಥೋವನ್ ಅವರ ‘ಮೂನ್‌ಲೈಟ್ ಸೊನಾಟಾ’ ಎಂಬ ಮೂರು ಭಾಗಗಳ ಪಿಯಾನೊ ಕೃತಿಯ ಮೊದಲ ಪುಟವನ್ನು ಎದುರಿಗಿಟ್ಟುಕೊಂಡು ಕೂರುತ್ತಾರೆ. ನೋಡುವುದಕ್ಕೆ ಅದು ಸುಲಭವಾಗಿಯೇ ಕಾಣುತ್ತದೆ, ಏಕೆಂದರೆ ಎಡಗೈಯಲ್ಲಿ ದೀರ್ಘ ಸ್ವರಗಳು, ಬಲಗೈಯಲ್ಲಿ ನಿಧಾನವಾಗಿ ಸಾಗುವ ಮೂರು ಮೂರು ಸ್ವರಗಳ ಗುಂಪುಗಳು, ಅವುಗಳ ಮೇಲೆ ಆಗಾಗ ಬಂದು ಹೋಗುವ ಒಂದು ಸರಳ ರಾಗದ ಎಳೆ, ಇಷ್ಟೇ ಅಲ್ಲಿರುವುದು. ಕೆಲವು ವಾರಗಳಲ್ಲಿ ಸ್ವರಗಳು ಕೈಗೆ ಬರುತ್ತವೆ. ಆದರೆ ನುಡಿಸಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿದಾಗ ಬಲಗೈ ಹೊಲಿಗೆ ಯಂತ್ರದ ಹಾಗೆ ಓಡುತ್ತಿರುತ್ತದೆ, ರಾಗದ ಎಳೆ ಅದರೊಳಗೆ ಮುಳುಗಿ ಹೋಗಿರುತ್ತದೆ, ನಾದವನ್ನು ಹಿಡಿದಿಡುವ ಕಾಲಿನ ಪೆಡಲ್ ಎಲ್ಲವನ್ನೂ ಕಲಸಿಟ್ಟಿರುತ್ತದೆ. ಕಿವಿಗೆ ಮೊದಲು ಬೀಳುವ ಮೇಲಿನ ಸ್ವರಗಳಿಂದಲೇ ಕಲಿಕೆಯನ್ನು ಶುರು ಮಾಡುವುದು ಇದಕ್ಕೆ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಈ ಸೊನಾಟಾವನ್ನು ಮಂದ್ರದ ಸ್ವರಗಳು ನಡೆಸುತ್ತವೆ. ಕಲಿಯುವವರೂ ಅಲ್ಲಿಂದಲೇ ಹೊರಡಬೇಕು.

ಹೆಸರಿನ ವಿಷಯವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಹೆಸರೇ ಅನೇಕರ ನುಡಿಸಾಣಿಕೆಯನ್ನು ದಾರಿ ತಪ್ಪಿಸಿದೆ. 1801ರಲ್ಲಿ ರಚಿತವಾಗಿ 1802ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಈ ಕೃತಿಗೆ ಬೀಥೋವನ್ ಕೊಟ್ಟ ಶೀರ್ಷಿಕೆ ‘ಸೊನಾಟಾ ಕ್ವಾಸಿ ಉನಾ ಫಾಂಟಾಸಿಯಾ’, ಅಂದರೆ ‘ಮನೋಧರ್ಮದ ವಾದನವೋ ಎಂಬಂತಿರುವ ಸೊನಾಟಾ’. ಓಪಸ್ (ಕೃತಿಗಳ ಕ್ರಮಸಂಖ್ಯೆ) 27ರ ಎರಡನೆಯ ಕೃತಿಯಾದ ಇದನ್ನು ಅವರು ತಮ್ಮ ಶಿಷ್ಯೆ ಜೂಲಿಯೆಟಾ ಗುಯಿಚಾರ್ಡಿಗೆ ಅರ್ಪಿಸಿದರು. ಬೆಳದಿಂಗಳ ಹೆಸರು ಬಂದದ್ದು ಲುಡ್ವಿಗ್ ರೆಲ್‌ಸ್ಟಾಬ್ ಎಂಬ ಜರ್ಮನ್ ವಿಮರ್ಶಕರಿಂದ. ಮೊದಲ ಭಾಗವನ್ನು ಅವರು ಲೂಸರ್ನ್ ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದ್ದು ಜನರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಬೀಥೋವನ್ ಅವರ ಶಿಷ್ಯ ಕಾರ್ಲ್ ಚೆರ್ನಿ ಇದೇ ಭಾಗವನ್ನು ಬೇರೆಯೇ ಬಗೆಯಲ್ಲಿ ಕೇಳಿಸಿಕೊಂಡಿದ್ದರು. ಅವರಿಗೆ ಅದು ದೂರದಿಂದ ಶೋಕದ ದನಿಯೊಂದು ಕೇಳಿಬರುವ ರಾತ್ರಿಯ ದೃಶ್ಯ. ಬೀಥೋವನ್ ಅವರು ಮೊಜಾರ್ಟ್‌ರ ‘ಡಾನ್ ಜೊವಾನಿ’ ಆಪೆರಾದಲ್ಲಿ ಕಮಾಂಡರ್ ಸಾಯುವ ಸನ್ನಿವೇಶದ ಸಂಗೀತವನ್ನು ಈ ಸೊನಾಟಾದ್ದೇ ಶ್ರುತಿಯಾದ ಸಿ ಶಾರ್ಪ್ ಮೈನರ್‌ಗೆ ಇಳಿಸಿ ಬರೆದುಕೊಂಡಿದ್ದ ಹಾಳೆಯೊಂದನ್ನು ವಿಯೆನ್ನಾದಲ್ಲಿ ಕಂಡುದಾಗಿ ಪಿಯಾನೊ ವಾದಕ ಎಡ್ವಿನ್ ಫಿಶರ್ ಬರೆದಿದ್ದಾರೆ. ಅಲ್ಲಿಯೂ ಇದೇ ರೀತಿಯ ಮೂರು ಮೂರು ಸ್ವರಗಳ ಚಲನೆಯಿದೆ. ಸರೋವರದ ಚಿತ್ರವನ್ನು ಮನಸ್ಸಿನಿಂದ ತೆಗೆದಿಟ್ಟು, ಸಾವಿನ ಮನೆಯ ನಿಶ್ಶಬ್ದವನ್ನು ನೆನೆದು ನುಡಿಸಿದರೆ ಬೆರಳಿನ ಭಾರವೇ ಬದಲಾಗುತ್ತದೆ.

ಇನ್ನು ವಾದ್ಯ. ನಮ್ಮಲ್ಲಿ ಅನೇಕ ಮನೆಗಳಲ್ಲಿರುವುದು 61 ಕೀಗಳ ಕೀಬೋರ್ಡ್. ಮೊದಲ ಭಾಗದ ಎರಡನೆಯ ಬಾರಿನಲ್ಲೇ (ಬಾರ್ ಎಂದರೆ ಸ್ವರಲಿಪಿಯಲ್ಲಿ ಎರಡು ಲಂಬ ಗೆರೆಗಳ ನಡುವಿನ ಖಂಡ) ಎಡಗೈ ಅದರ ಕಟ್ಟಕಡೆಯ ಕೀಗಿಂತ ಕೆಳಕ್ಕೆ, ಮಂದ್ರದ ಬಿಗೆ, ಮೂರನೆಯದರಲ್ಲಿ ಇನ್ನೂ ಕೆಳಗಿನ ಎ ಮತ್ತು ಎಫ್ ಶಾರ್ಪ್‌ಗಳಿಗೆ ಇಳಿಯುವುದರಿಂದ ಈ ಕೃತಿಯನ್ನು ಆ ಕೀಬೋರ್ಡಿನಲ್ಲಿ ಬರೆದಂತೆಯೇ ನುಡಿಸಲು ಸಾಧ್ಯವಿಲ್ಲ. ಬೀಥೋವನ್ ಆಗ ಬಳಸುತ್ತಿದ್ದ ವಿಯೆನ್ನಾದ ಪಿಯಾನೊಗಳಿಗೂ ಐದೇ ಆಕ್ಟೇವ್‌ಗಳಿದ್ದವು, ಆದರೆ ಅವು ಇನ್ನೂ ಕೆಳಗಿನ ಎಫ್‌ನಿಂದ ಆರಂಭವಾಗುತ್ತಿದ್ದವು. ಇಂದಿನ 76 ಕೀಗಳ ವಾದ್ಯ ಸಾಕಾಗುತ್ತದೆ. 88 ಇದ್ದರೆ ಮತ್ತೂ ಒಳ್ಳೆಯದು. ಕೀಗಳು ಬೆರಳಿನ ಒತ್ತಡಕ್ಕೆ ತಕ್ಕಂತೆ ಜೋರಾಗಿಯೂ ಮೆಲ್ಲಗೂ ನುಡಿಯಬೇಕು ಮತ್ತು ಪೆಡಲ್ ಇರಲೇಬೇಕು. ಸ್ವರಲಿಪಿಯನ್ನು ಕೊಳ್ಳುವಾಗ ಸಂಪಾದಕರು ತಮ್ಮ ಸೂಚನೆಗಳನ್ನು ತುಂಬಿದ ಹಳೆಯ ಮುದ್ರಣಗಳನ್ನು ಬಿಟ್ಟು, ಮೂಲಪಾಠಕ್ಕೆ ನಿಷ್ಠವಾದ ‘ಉರ್‌ಟೆಕ್ಸ್ಟ್’ ಆವೃತ್ತಿಯನ್ನೇ ಆರಿಸಿಕೊಳ್ಳಿ.

ಆ ಸ್ವರಲಿಪಿಯ ಮೊದಲ ಸಾಲಿನ ಮೇಲೆಯೇ ಎರಡು ಮುಖ್ಯ ಸೂಚನೆಗಳಿವೆ. ಮೊದಲನೆಯದು ತಾಳದ ಗುರುತು: ನಡುವೆ ಗೆರೆ ಎಳೆದ ಇಂಗ್ಲಿಷಿನ ಸಿ ಅಕ್ಷರ. ಹಳೆಯ ಕೆಲವು ಮುದ್ರಣಗಳು ಈ ಗೆರೆಯನ್ನು ಬಿಟ್ಟುಬಿಟ್ಟಿವೆ. ಗೆರೆಯ ಅರ್ಥ, ಪ್ರತಿ ಬಾರಿನಲ್ಲಿ ನಾಲ್ಕಲ್ಲ, ಎರಡು ಎಣಿಕೆಗಳಿವೆ ಎಂದು. ‘ಅಡಾಜಿಯೊ ಸೊಸ್ಟೆನುಟೊ’ (ನಿಧಾನವಾಗಿ, ನಾದವನ್ನು ಹಿಡಿದು) ಎಂಬ ಮಾತನ್ನು ಮಾತ್ರ ಓದಿ ಅತಿ ನಿಧಾನಕ್ಕೆ ಎಳೆಯುವವರು ಈ ಗೆರೆಯನ್ನು ನೋಡಿರುವುದಿಲ್ಲ. ಚೆರ್ನಿ ಸೂಚಿಸಿದ ವೇಗ ನಿಮಿಷಕ್ಕೆ 54 ಕಾಲುಸ್ವರಗಳು, ಎಂದರೆ ಬಾರಿನ ಕಾಲುಭಾಗದಷ್ಟು ಉದ್ದದ ಸ್ವರಗಳು. 69 ಬಾರ್‌ಗಳ ಈ ಭಾಗ ಆ ಲೆಕ್ಕದಲ್ಲಿ ಐದು ನಿಮಿಷಕ್ಕೆ ತುಸು ಹೆಚ್ಚು ಹೊತ್ತಿನಲ್ಲಿ ಮುಗಿಯುತ್ತದೆ. ಎರಡನೆಯ ಸೂಚನೆ, ಇಡೀ ಭಾಗವನ್ನು ಅತ್ಯಂತ ನವುರಾಗಿ, ‘ಸೆನ್ಜಾ ಸೋರ್ಡಿನೊ’ ನುಡಿಸಬೇಕೆಂಬ ಇಟಾಲಿಯನ್ ವಾಕ್ಯ. ಇಲ್ಲಿ ಸೋರ್ಡಿನೊ ಎಂದರೆ ತಂತಿಗಳ ಮೇಲೆ ಕುಳಿತು ನಾದವನ್ನು ನಿಲ್ಲಿಸುವ ಡ್ಯಾಂಪರ್‌ಗಳು. ಅವು ಮೇಲೆದ್ದೇ ಇರಲಿ, ನಾದ ಒಂದರೊಳಗೊಂದು ಬೆರೆಯಲಿ ಎಂಬುದು ಇದರ ತಾತ್ಪರ್ಯ. ಪೆಡಲ್ ಒತ್ತಲೇಬಾರದು ಎಂದು ಇದನ್ನು ತಿಳಿದವರನ್ನು ನಾನು ನೋಡಿದ್ದೇನೆ. ಅರ್ಥ ಅದಕ್ಕೆ ನೇರ ವಿರುದ್ಧ.

ಈಗ ಕೀಗಳ ಮೇಲೆ ಕೈ ಇಡೋಣ. ಮೊದಲ ವಾರ ಎಡಗೈಯನ್ನು ಮಾತ್ರ ನುಡಿಸಿ. ಸಿ ಶಾರ್ಪ್, ಆಮೇಲೆ ಬಿ, ಆಮೇಲೆ ಒಂದೇ ಬಾರಿನಲ್ಲಿ ಎ ಮತ್ತು ಎಫ್ ಶಾರ್ಪ್, ಕೊನೆಗೆ ಜಿ ಶಾರ್ಪ್: ಆರಂಭದ ನಾಲ್ಕು ಬಾರ್‌ಗಳ ಮಂದ್ರ ಇಷ್ಟೇ. ಇದನ್ನು ಬಾಯಲ್ಲಿ ಹಾಡಿ. ಮೂರನೆಯ ಬಾರಿನಲ್ಲಿ ಚಲನೆ ಇಮ್ಮಡಿಯಾಗುವುದು, ಎಫ್ ಶಾರ್ಪ್‌ಗೆ ಇಳಿದಾಗ ನೆಲ ಕುಸಿದಂತಾಗುವುದು, ಜಿ ಶಾರ್ಪ್‌ನಲ್ಲಿ ಮತ್ತೆ ಷಡ್ಜಕ್ಕೆ ಮರಳುವ ಹಂಬಲ ಹುಟ್ಟುವುದು, ಇವೆಲ್ಲ ರಾಗದ ಎಳೆ ಬರುವ ಮೊದಲೇ ಕಿವಿಗೆ ಸ್ಪಷ್ಟವಾಗುತ್ತವೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲಿ ಒಂದು ಅನುಕೂಲವಿದೆ. ಸಿ ಶಾರ್ಪನ್ನು ಷಡ್ಜವೆಂದುಕೊಂಡರೆ ಈ ಶ್ರುತಿಯ ಹಾರ್ಮಾನಿಕ್ ಮೈನರ್ ಸ್ವರಗಳು ಕೀರವಾಣಿಯ ಸ್ವರಗಳೇ ಆಗುತ್ತವೆ, ಜಿ ಶಾರ್ಪ್ ಪಂಚಮವಾಗುತ್ತದೆ. ಮೂರನೆಯ ಬಾರಿನ ಉತ್ತರಾರ್ಧದಲ್ಲಿ ಬರುವ ಡಿ ಕೀರವಾಣಿಯದಲ್ಲ, ಅದು ಶುದ್ಧ ರಿಷಭ. ಆ ಒಂದು ಸ್ವರದಿಂದಲೇ ಅಲ್ಲಿ ನೆರಳು ದಟ್ಟವಾಗುತ್ತದೆ. ಗಮಕದ ಪರಿಚಯದವರು ಅದನ್ನು ಒತ್ತಿ ತೋರಿಸುವ ಆಸೆಯನ್ನು ತಡೆದುಕೊಳ್ಳಬೇಕು. ಪಿಯಾನೊದಲ್ಲಿ ಆ ಸ್ವರ ತಾನಿರುವ ಜಾಗದಿಂದಲೇ ಕೇಳಿಸುತ್ತದೆ.

ಮಂದ್ರ ಬಾಯಿಪಾಠವಾದ ಮೇಲೆ ಬಲಗೈಯ ಮೂರು ಸ್ವರಗಳನ್ನು ಬಿಡಿಸಿ ನುಡಿಸದೆ, ಒಟ್ಟಿಗೆ ಒತ್ತಿ ಕಾರ್ಡ್‌ಗಳಾಗಿ ಎಡಗೈಯೊಂದಿಗೆ ಸೇರಿಸಿ. ಜಿ ಶಾರ್ಪ್, ಸಿ ಶಾರ್ಪ್, ಇ ಎಂದು ಹನ್ನೆರಡು ಸ್ವರಗಳಾಗಿ ಓದಿದ್ದು ಒಂದೇ ಹಿಡಿತವಾಗುತ್ತದೆ. ಹೀಗೆ ಇಡೀ ಭಾಗವನ್ನು ಕಾರ್ಡ್‌ಗಳಾಗಿ ನುಡಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ. ಪ್ರತಿ ಹಿಡಿತದಿಂದ ಮುಂದಿನ ಹಿಡಿತಕ್ಕೆ ಯಾವ ಬೆರಳು ಕದಲುತ್ತದೆ, ಯಾವುದು ಅಲ್ಲೇ ಉಳಿಯುತ್ತದೆ ಎಂಬುದನ್ನು ಗಮನಿಸಿ, ಬೆರಳಿನ ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ. ನಾಲ್ಕನೆಯ ಬಾರಿನಲ್ಲಿ ಪ್ರತಿ ಕಾಲುಸ್ವರಕ್ಕೂ ಹಿಡಿತ ಬದಲಾಗುತ್ತದೆ. ಕಲಿಯುವವರು ತಡವರಿಸುವ ಮೊದಲ ಜಾಗ ಅದೇ ಆದ್ದರಿಂದ ಅದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕು.

ಬಳಿಕ ಆ ಕಾರ್ಡ್‌ಗಳನ್ನು ಮೂರು ಸ್ವರಗಳಾಗಿ ಬಿಡಿಸಿ. ತಿಶ್ರ ನಡೆಯಲ್ಲಿ ‘ತಕಿಟ’ ಎಂದು ಹೇಳಿಕೊಂಡರೆ ಮೂರೂ ಸ್ವರಗಳ ಅಂತರ ಸಮವಾಗುತ್ತದೆ. ಆದರೆ ಪ್ರತಿ ‘ತ’ಕಾರಕ್ಕೂ ಒತ್ತು ಬೀಳಬಾರದು. ಬಾರಿಗೆ ನಾಲ್ಕು ತಕಿಟಗಳಿದ್ದರೂ ಉಸಿರು ಎರಡೇ. ಬೆರಳುಗಳನ್ನು ಕೀಗಳಿಂದ ಮೇಲೆತ್ತದೆ, ಕೀ ಪೂರ್ತಿ ಮೇಲೇಳುವ ಮೊದಲೇ ಮತ್ತೆ ಮೆಲ್ಲಗೆ ಒತ್ತುವುದನ್ನು ರೂಢಿಸಿಕೊಂಡರೆ ಹೊಲಿಗೆ ಯಂತ್ರದ ಸದ್ದು ಹೋಗುತ್ತದೆ. ಒಳ್ಳೆಯ ಗ್ರ್ಯಾಂಡ್ ಪಿಯಾನೊದಲ್ಲಿ ಇದು ಸುಲಭ, ಡಿಜಿಟಲ್ ವಾದ್ಯದಲ್ಲಿ ಸ್ವಲ್ಪ ಕಷ್ಟ.

ಐದನೆಯ ಬಾರಿನ ಕೊನೆಯಲ್ಲಿ ರಾಗದ ಎಳೆ ಬರುತ್ತದೆ, ಬಹುಪಾಲು ಕಲಿಯುವವರು ಸೋಲುವುದೂ ಇಲ್ಲೇ. ಒಂದೇ ಜಿ ಶಾರ್ಪ್ ಉದ್ದ, ಗಿಡ್ಡ, ಮತ್ತೆ ಉದ್ದ ಎಂದು ಮರುಕಳಿಸುತ್ತದೆ. ಅದನ್ನು ನುಡಿಸುವುದು ಬಲಗೈಯ ಕಿರುಬೆರಳು, ಅದೂ ಉಳಿದ ಬೆರಳುಗಳು ತಿಶ್ರವನ್ನು ಪಿಸುಗುಡುತ್ತಿರುವಾಗ. ಇಲ್ಲಿ ಎರಡು ಸಮಸ್ಯೆಗಳಿವೆ. ಒಂದು ಲಯದ್ದು: ಆ ಗಿಡ್ಡ ಸ್ವರ ತಕಿಟದ ‘ಟ’ದ ಜೊತೆಗೆ ಬೀಳದೆ, ಅದಾದ ಕೂಡಲೇ, ಮುಂದಿನ ‘ತ’ ಬರುವ ಮುನ್ನ ಬೀಳಬೇಕು. ಎರಡನ್ನೂ ಒಟ್ಟಿಗೆ ನುಡಿಸಿದರೆ ರಾಗ ತಿಶ್ರದೊಳಗೆ ಕರಗಿಹೋಗುತ್ತದೆ. ಬೇರ್ಪಡಿಸಿದರೆ ತಾನೇ ಮಾತಾಡುತ್ತದೆ. ಬಲಗೈಯ ತಿಶ್ರವನ್ನು ಎಡಗೈಗೆ ಕೊಟ್ಟು, ಬಲಗೈಯಲ್ಲಿ ರಾಗವನ್ನಷ್ಟೇ ನುಡಿಸುತ್ತಾ ಈ ಅಂತರವನ್ನು ಮೊದಲು ಕಿವಿಗೆ ಕಲಿಸಿ, ಆಮೇಲೆ ಎರಡನ್ನೂ ಬಲಗೈಗೇ ಮರಳಿಸಿ. ಇನ್ನೊಂದು ತೂಕದ ಸಮಸ್ಯೆ: ಕೈಯನ್ನು ಕೂದಲೆಳೆಯಷ್ಟು ಕಿರುಬೆರಳಿನ ಕಡೆಗೆ ವಾಲಿಸಿ ಮುಂದೋಳಿನ ಭಾರವನ್ನು ಆ ಬೆರಳಿಗೆ ಬಿಡಬೇಕು. ರಾಗಕ್ಕೂ ಬೀಥೋವನ್ ಬರೆದಿರುವುದು ಪಿಯಾನಿಸಿಮೊ, ಎಂದರೆ ಅತಿ ಮೆಲ್ಲನೆಯ ಗುರುತನ್ನೇ. ಆದ್ದರಿಂದ ಅದನ್ನು ಜೋರಾಗಿಸುವ ಬದಲು ಉಳಿದದ್ದನ್ನು ಇನ್ನಷ್ಟು ತಗ್ಗಿಸಬೇಕು. ಇಡೀ ಮೊದಲ ಭಾಗದಲ್ಲಿ ಪಿಯಾನೊ ಎಂಬ ಮೆಲುದನಿಯ ಗುರುತಿಗಿಂತ ಜೋರಾದ ಗುರುತು ಒಂದೂ ಇಲ್ಲ. ನಾದ ಅಲ್ಲಲ್ಲಿ ಏರಿ ಇಳಿಯುತ್ತದೆ, ಅಷ್ಟೇ.

ಎರಡು ಜಾಗಗಳಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಹದಿನಾರನೆಯ ಬಾರಿನಲ್ಲಿ ಮಂದ್ರ ಬಿ ಸ್ವರದ ಮೇಲೆ ನಿಂತಿರುವಾಗ ರಾಗ ಅರ್ಧ ಸ್ವರ ಮೇಲಿನ ಸಿ ನ್ಯಾಚುರಲ್‌ಗೆ ಏರುತ್ತದೆ. ಇವೆರಡರ ಘರ್ಷಣೆ ಇಡೀ ಭಾಗದ ಅತ್ಯಂತ ನೋವಿನ ಸದ್ದು ಎಂದು ನನಗೆ ಅನ್ನಿಸುತ್ತದೆ. ತಪ್ಪು ಸ್ವರವೇನೋ ಎಂದು ಹೆದರಿ ಅದನ್ನು ಅಡಗಿಸಬೇಡಿ, ಓಡಿ ದಾಟಲೂ ಬೇಡಿ. ಇನ್ನೊಂದು ಜಾಗ 28ನೆಯ ಬಾರಿನಿಂದ ಮುಂದಿನದು. ಅಲ್ಲಿ ಮಂದ್ರ ಹನ್ನೆರಡಕ್ಕೂ ಹೆಚ್ಚು ಬಾರ್‌ಗಳ ಕಾಲ ಪಂಚಮವನ್ನು ಹಿಡಿದುಕೊಂಡೇ ಇರುತ್ತದೆ, ಮೇಲೆ ತಿಶ್ರದ ಸ್ವರಗಳು ದಾರಿ ಹುಡುಕುವಂತೆ ಹತ್ತಿ ಇಳಿಯುತ್ತವೆ, 42ನೆಯ ಬಾರಿನಲ್ಲಿ ಷಡ್ಜವೂ ಮೊದಲಿನ ರಾಗವೂ ಮರಳುತ್ತವೆ. ರಾಗವೇ ಇಲ್ಲದ ಈ ಬಾರ್‌ಗಳನ್ನು ಬೆರಳಿನ ಅಭ್ಯಾಸದಂತೆ ನುಡಿಸಿದರೆ ಕೇಳುಗರ ಗಮನ ಚದುರುತ್ತದೆ. ಪಂಚಮವನ್ನು ತಂಬೂರಿಯ ಹಾಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡರೆ ಕಾಯುವಿಕೆ ಉಂಟಾಗುತ್ತದೆ. ಅರುವತ್ತನೆಯ ಬಾರಿನಿಂದ ರಾಗದ ಆ ಮೂರು ಜಿ ಶಾರ್ಪ್‌ಗಳು ಎಡಗೈಗೆ ಇಳಿಯುವುದನ್ನೂ ಮರೆಯದೆ ಕೇಳಿಸಬೇಕು.

ಪೆಡಲನ್ನು ಇಷ್ಟೆಲ್ಲ ಆದ ಮೇಲೆ ಸೇರಿಸಿ. 1801ರ ಪಿಯಾನೊಗಳಲ್ಲಿ ನಾದ ಬೇಗ ಬಾಡುತ್ತಿದ್ದುದರಿಂದ ಡ್ಯಾಂಪರ್‌ಗಳನ್ನು ಎತ್ತಿಯೇ ಇಟ್ಟರೂ ಕಲಬೆರಕೆ ಸಹ್ಯವಾಗಿರುತ್ತಿತ್ತು. ಇಂದಿನ ವಾದ್ಯದಲ್ಲಿ ನಾದ ದೀರ್ಘವಾಗಿ ನಿಲ್ಲುತ್ತದೆ. ಆಂಡ್ರಾಸ್ ಷಿಫ್ ಅವರಂಥ ವಾದಕರು ಇಂದಿನ ಪಿಯಾನೊದಲ್ಲೂ ಬೀಥೋವನ್ ಮಾತನ್ನು ಅಕ್ಷರಶಃ ಪಾಲಿಸಿದ್ದಾರೆ, ಆದರೆ ಅದಕ್ಕೆ ಬೇಕಾದ ಬೆರಳಿನ ಹತೋಟಿ ಸುಲಭಕ್ಕೆ ದಕ್ಕುವಂಥದ್ದಲ್ಲ. ಮಂದ್ರದ ಸ್ವರ ಬದಲಾದಾಗಲೆಲ್ಲ ಪೆಡಲ್ ಬದಲಿಸಿ ಎಂಬ ಚೆರ್ನಿಯವರ ಸಲಹೆಯೇ ಕಲಿಯುವವರಿಗೆ ಸರಿಯಾದದ್ದು. ಹೊಸ ಮಂದ್ರ ಸ್ವರ ನುಡಿದ ಕ್ಷಣದಲ್ಲಿ ಕಾಲು ಮೇಲೇಳಬೇಕು, ಕೂಡಲೇ ಮತ್ತೆ ಇಳಿಯಬೇಕು; ಮೊದಲೇ ಎತ್ತಿದರೆ ನಾದ ತುಂಡಾಗುತ್ತದೆ. ಎಡಗೈಯನ್ನು ಮೊದಲು ಕಲಿತವರಿಗೆ ಇದನ್ನು ಬೇರೆಯಾಗಿ ನೆನಪಿಡುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಪೆಡಲ್ ಬದಲಾಗುವ ಜಾಗಗಳು ಅವರಿಗೆ ಆಗಲೇ ಬಾಯಿಪಾಠವಾಗಿರುತ್ತವೆ.

ಎರಡನೆಯ ಭಾಗ ಚಿಕ್ಕದು. ಡಿ ಫ್ಲ್ಯಾಟ್ ಮೇಜರ್‌ನಲ್ಲಿರುವ ಈ ಅಲ್ಲೆಗ್ರೆಟೊ ಮೂರು ಎಣಿಕೆಯ ಲಘು ನಡೆಯದು. ಎರಡು ಪ್ರಪಾತಗಳ ನಡುವಣ ಹೂವು ಎಂದು ಪಿಯಾನೊ ವಾದಕ, ಸಂಗೀತ ರಚನಕಾರ ಲಿಸ್ಟ್ ಇದನ್ನು ಕರೆದರೆಂದು ಹೇಳುವುದುಂಟು. ಕೂಡಿಸಿ ನುಡಿಸುವ ಸ್ವರಗಳನ್ನೂ ಬಿಡಿಬಿಡಿಯಾಗಿ ನುಡಿಸುವ ಸ್ವರಗಳನ್ನೂ ಬರೆದಂತೆಯೇ ಪ್ರತ್ಯೇಕಿಸಿದರೆ ಅದರ ಚೆಲುವು ತಾನಾಗಿ ಕಾಣುತ್ತದೆ.

ಮೂರನೆಯ ಭಾಗವಾದ ‘ಪ್ರೆಸ್ಟೊ ಅಜಿಟಾಟೊ’ (ಅತಿ ವೇಗವಾಗಿ, ಕಳವಳದಿಂದ) ಮೊದಲ ಭಾಗಕ್ಕಿಂತ ಹಲವು ವರ್ಷಗಳ ಹೆಚ್ಚಿನ ಸಾಧನೆಯನ್ನು ಬೇಡುತ್ತದೆ, ಆದ್ದರಿಂದ ಅವಸರ ಬೇಡ. ಅಲ್ಲಿಯೂ ಮೊದಲ ಭಾಗದ ಅದೇ ಮೂರು ಸ್ವರಗಳು ಬಿರುಗಾಳಿಯಂತೆ ಮೇಲೇರುತ್ತವೆ, ಅದೇ ಮಂದ್ರ ಸಿ ಶಾರ್ಪ್‌ನಿಂದ ಹೊರಟು ಒಂಬತ್ತನೆಯ ಬಾರಿನಲ್ಲಿ ಜಿ ಶಾರ್ಪನ್ನು ತಲುಪುತ್ತದೆ. ಎಲ್ಲವನ್ನೂ ಅಬ್ಬರದಿಂದ ನುಡಿಸುವುದು ಇಲ್ಲಿನ ಸಾಮಾನ್ಯ ತಪ್ಪು. ಏರಿಕೆ ಶುರುವಾಗುವುದು ಮೆಲುದನಿಯಲ್ಲೇ. ಎರಡನೆಯ ಬಾರಿನ ಕೊನೆಯ ಎರಡು ಕಾರ್ಡ್‌ಗಳಿಗೆ ಮಾತ್ರ ಸ್ಫೋಟದಂಥ ಒತ್ತು ಇದೆ. ನಿಮಿಷಕ್ಕೆ 60 ಕಾಲುಸ್ವರಗಳ ವೇಗದಲ್ಲಿ, ಪೆಡಲ್ ಇಲ್ಲದೆ, ನಾಲ್ಕು ನಾಲ್ಕು ಸ್ವರಗಳ ತುಣುಕುಗಳಾಗಿ ಆರಂಭಿಸಿ, ತೋಳು ಬಿಗಿದ ಕೂಡಲೇ ನಿಲ್ಲಿಸಿ.

ಮೂರೂ ಭಾಗಗಳು ಕೈಗೆ ಬಂದ ದಿನ ಅವನ್ನು ಒಂದೇ ಉಸಿರಿನಲ್ಲಿ ನುಡಿಸಬೇಕು. ಮೊದಲ ಭಾಗದ ಕೊನೆಯ ಎರಡು ಮೆಲುದನಿಯ ಕಾರ್ಡ್‌ಗಳ ಬಳಿಕ, ಮುಂದಿನದನ್ನು ತಡಮಾಡದೆ ಆರಂಭಿಸಿ ಎಂದು ಬೀಥೋವನ್ ಬರೆದಿದ್ದಾರೆ. ಆ ಕಾರ್ಡ್‌ಗಳ ತಳದಲ್ಲಿರುವ ಸಿ ಶಾರ್ಪ್ ಮತ್ತು ಎರಡನೆಯ ಭಾಗದ ಷಡ್ಜವಾದ ಡಿ ಫ್ಲ್ಯಾಟ್ ಪಿಯಾನೊದ ಮೇಲೆ ಒಂದೇ ಕೀ. ಕೈಗಳನ್ನು ಮಡಿಲಿಗೆ ತಂದುಕೊಳ್ಳದೆ, ಆ ಮಂದ್ರದ ನಾದವನ್ನು ಕಿವಿಯಲ್ಲಿ ಉಳಿಸಿಕೊಂಡು, ಅದು ಪೂರ್ತಿ ಆರುವ ಮುನ್ನ ಅಲ್ಲೆಗ್ರೆಟೊದ ಮೊದಲ ಸ್ವರಕ್ಕೆ ಬೆರಳಿಡಿ.