ಕ್ವಿಕ್ ಹಿಚ್ ತಂದಿದ್ದೀರಾ? ಹಳೇ ಉಪಕರಣ ಹೊಂದಿಸುವ ಕ್ರಮ ಹೀಗೆ

ಮಳೆಗಾಲದ ಭತ್ತದ ಬೆಳೆಯಾದ ಏಣೆಲು ಬೇಸಾಯ ಶುರುವಾಗುವ ಹೊತ್ತಿಗೆ ಉಡುಪಿ, ಬ್ರಹ್ಮಾವರ ಕಡೆಯ ವೆಲ್ಡಿಂಗ್ ಅಂಗಡಿಗಳಿಗೆ ಪುರುಸೊತ್ತು ಇರುವುದಿಲ್ಲ. ಈಚೆಗೆ ಅಲ್ಲಿ ಇನ್ನೊಂದು ಬಗೆಯ ಗಿರಾಕಿಗಳೂ ಸಿಗುತ್ತಾರೆ. ಕ್ವಿಕ್ ಹಿಚ್, ಅಂದರೆ ಟ್ರ್ಯಾಕ್ಟರಿಗೆ ಉಪಕರಣ ಬೇಗ ಸಿಕ್ಕಿಸುವ ಚೌಕಟ್ಟು, ತಂದವರು. ಒಬ್ಬರೇ ಕೂತು, ಸೀಟಿನಿಂದ ಇಳಿಯದೆ ಕಲ್ಟಿವೇಟರ್ ಬಿಟ್ಟು ರೋಟವೇಟರ್ ಸಿಕ್ಕಿಸಬಹುದು ಎಂಬ ಆಸೆಯಿಂದ ತಂದಿರುತ್ತಾರೆ. ಮನೆಯಲ್ಲಿ ನೋಡಿದರೆ ಒಂದು ಉಪಕರಣವೂ ಅದಕ್ಕೆ ಕೂರುವುದಿಲ್ಲ. "ಸ್ವಲ್ಪ ಕಟ್ ಮಾಡಿ ಕೂರಿಸಿ ಕೊಡಿ ಮಾರಾಯ್ರೆ" ಎಂದು ಅಂಗಡಿಗೆ ತರುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ. ಅಳತೆ ಮಾಡದೆ ಯಾರೂ ಗ್ಯಾಸ್ ಕಟ್ಟರ್ ಹಚ್ಚಬಾರದು.

ಹಿಚ್ ಅಂದರೆ ಬೋರಲು ಹಾಕಿದ ಯು ಆಕಾರದ ಒಂದು ಚೌಕಟ್ಟು. ಅದು ಟ್ರ್ಯಾಕ್ಟರಿನ ಹಿಂದಿರುವ ಮೂರು ತೋಳುಗಳಿಗೆ, ಅಂದರೆ ಕೆಳಗಿನ ಎರಡು ಲೋವರ್ ಲಿಂಕ್, ಮೇಲಿನ ಒಂದು ಟಾಪ್ ಲಿಂಕ್‌ಗೆ ಸಿಕ್ಕಿಕೊಂಡೇ ಇರುತ್ತದೆ. ಮೇಲೊಂದು, ಕೆಳಗೆರಡು ಕೊಕ್ಕೆ, ಮೂರೂ ಮೇಲ್ಮುಖ. ಚೌಕಟ್ಟನ್ನು ತಗ್ಗಿಸಿ ರಿವರ್ಸ್ ಬಂದು ಎತ್ತಿದರೆ ಉಪಕರಣದ ಮೂರು ಪಿನ್ನುಗಳೂ ಕೊಕ್ಕೆಯೊಳಗೆ ಕೂರಬೇಕು, ಕೆಳಗಿನ ಎರಡಕ್ಕೂ ಲಾಕ್ ಬೀಳಬೇಕು. ಮೂರೂ ಒಟ್ಟಿಗೆ. ಎರಡು ಕೂತು ಒಂದು ಬಿಟ್ಟರೆ ಕೆಲಸ ಆಗಲಿಲ್ಲ ಅಂತಲೇ ಲೆಕ್ಕ.

ಮೊದಲು ಕೆಟಗರಿ, ಅಂದರೆ ಹಿಚ್ ಮತ್ತು ಪಿನ್ನುಗಳ ಅಳತೆಯ ವರ್ಗ, ನೋಡಿ. ಕೆಟಗರಿ 1ರಲ್ಲಿ ಲೋವರ್ ಪಿನ್ 22 ಮಿ.ಮೀ., ಟಾಪ್ ಪಿನ್ 19 ಮಿ.ಮೀ. ಕೆಟಗರಿ 2ರಲ್ಲಿ ಸುಮಾರು 28 ಮತ್ತು 25. ಎರಡು ಲೋವರ್ ಪಿನ್ನುಗಳ ನಡುವಿನ ಅಗಲ 1ರಲ್ಲಿ 683 ಮಿ.ಮೀ., 2ರಲ್ಲಿ 825. ಅಡಿಕೆ ತೋಟದೊಳಗೆ ಓಡಿಸುವ ಮಿನಿ ಟ್ರ್ಯಾಕ್ಟರುಗಳಲ್ಲಿ 400 ಮಿ.ಮೀ.ನ ಕಿರಿದಾದ ಅಳತೆಯೂ ಇದೆ. ಅದಕ್ಕೆ ದೊಡ್ಡ ಹಿಚ್ ತಂದು ಒದ್ದಾಡಬೇಡಿ, ಅಂಗಡಿಗೆ ವಾಪಸ್ ಕೊಡಿ.

ಪಿನ್ನು ಕೊಕ್ಕೆಯಲ್ಲಿ ಸರಿಯಾಗಿ ಕೂರಲು ಅದರ ಮೇಲೆ ಹಾಕುವ ಕೊಳವೆಯೇ ಬುಷ್. ಅದನ್ನು ಲೇತ್‌ನಲ್ಲೇ ಮಾಡಿಸಿ. ಅಮೆರಿಕದ ಅಳತೆಯ ಕೆಟಗರಿ 1 ಹಿಚ್ ಆದರೆ ಲೋವರ್ ಬುಷ್‌ನ ಹೊರ ವ್ಯಾಸ 36.5 ಮಿ.ಮೀ., ಟಾಪ್ ಬುಷ್‌ನದ್ದು ಸುಮಾರು 32. ಇದರ ಬದಲು ನೀರಿನ ಜಿಐ ಪೈಪ್ ತುಂಡು ಹಾಕುವವರಿದ್ದಾರೆ. ಅದು ಮೆದು, ಬೇಗ ಸವೆದು ಮೊಟ್ಟೆಯಾಕಾರವಾಗುತ್ತದೆ. ವೆಲ್ಡ್ ಮಾಡಿದರೆ ಸತುವಿನ ಹೊಗೆ ಬೇರೆ. ಬುಷ್ ಪಿನ್ನಿನ ಮೇಲೆ ತಿರುಗುತ್ತಿರಬೇಕು, ಬೆಸೆಯುವ ಅಗತ್ಯವೇ ಇಲ್ಲ.

ಎಲ್ಲರೂ ಎಡವುವುದು ಟಾಪ್ ಪಿನ್ನಿನ ಎತ್ತರದಲ್ಲಿ

ಅಂತರರಾಷ್ಟ್ರೀಯ ಅಳತೆ ಐಎಸ್ಒ 730ರ ಪ್ರಕಾರ ಕೆಟಗರಿ 1ರ ಉಪಕರಣದಲ್ಲಿ ಲೋವರ್ ಪಿನ್ನಿನಿಂದ ಟಾಪ್ ಪಿನ್ನಿಗೆ 460 ಮಿ.ಮೀ. ಎತ್ತರ ಇರಬೇಕು. ಅಮೆರಿಕದ ಅಳತೆಯ ಹಿಚ್‌ನಲ್ಲಿ ಅದೇ ಎತ್ತರ 15 ಇಂಚು, ಅಂದರೆ 381 ಮಿ.ಮೀ. ಮೂರಿಂಚಿಗಿಂತ ಜಾಸ್ತಿ ವ್ಯತ್ಯಾಸ! ನಮ್ಮೂರಲ್ಲೇ ಕಟ್ಟಿದ ಕಲ್ಟಿವೇಟರ್ ಆದರೆ ಎರಡೂ ಅಲ್ಲದ ಮೂರನೇ ಅಳತೆ ಇರುವುದೂ ಉಂಟು.

ಉಪಕರಣದ ಟಾಪ್ ಪಿನ್ ಎತ್ತರದಲ್ಲಿದ್ದರೆ ಕೆಳಗಿನ ಎರಡು ಕೊಕ್ಕೆ ಹಿಡಿಯುತ್ತವೆ, ಮೇಲಿನದ್ದು ಪಿನ್ನಿಗೆ ಮುಟ್ಟುವುದೇ ಇಲ್ಲ. ನೋಡುವವರಿಗೆ ಸಿಕ್ಕಿದ ಹಾಗೆ ಕಾಣುತ್ತದೆ. ಎತ್ತಿದ ಕೂಡಲೇ ಇಡೀ ಉಪಕರಣ ಹಿಂದಕ್ಕೆ ವಾಲುತ್ತದೆ. ಪಿನ್ ತಗ್ಗಿನಲ್ಲಿದ್ದರೆ ಉಲ್ಟಾ: ಮೇಲಿನ ಕೊಕ್ಕೆಯೇ ಮೊದಲು ಹಿಡಿದು ಎತ್ತುತ್ತದೆ, ಕೆಳಗಿನವು ಪಿನ್ನಿನವರೆಗೆ ಬರುವುದೇ ಇಲ್ಲ, ಲಾಕ್ ಬೀಳುವುದಿಲ್ಲ. ಟಾಪ್ ಲಿಂಕ್ ತಿರುಗಿಸಿ ಇದನ್ನು ಸರಿ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು: ಟಾಪ್ ಲಿಂಕ್ ತಿರುಗಿಸಿದರೆ ಚೌಕಟ್ಟು ಹಿಂದೆ ಮುಂದೆ ಓರೆಯಾಗುತ್ತದೆ, ಅಷ್ಟೇ. ಕೊಕ್ಕೆಗಳ ನಡುವಿನ ಅಂತರ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಟೇಪ್ ಹಿಡಿದು ಅಳೆಯುವುದಕ್ಕಿಂತ ಪ್ಲೈವುಡ್ ಅಚ್ಚು ಮಾಡಿಕೊಳ್ಳಿ. ಬುಷ್‌ನಷ್ಟೇ ದಪ್ಪದ ನೇರ ಪೈಪ್ ಒಂದನ್ನು ಹಿಚ್‌ನ ಎರಡು ಕೆಳ ಕೊಕ್ಕೆಗಳಲ್ಲಿ ಅಡ್ಡ ಮಲಗಿಸಿ. ಮೇಲಿನ ಕೊಕ್ಕೆಗೂ ಅದರ ಬುಷ್‌ನಷ್ಟು ದಪ್ಪದ ಪೈಪ್ ಇಡಿ, ಎರಡೂ ಒಂದೇ ಪಕ್ಕಕ್ಕೆ ಚಾಚಿಕೊಂಡಿರಲಿ. ತೂಗುಗುಂಡು ಹಿಡಿದು ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಪ್ಲೈವುಡ್ ಹಿಡಿದು ಎರಡೂ ಪೈಪಿನ ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ತೂಗುಗುಂಡಿನ ಗೆರೆಯನ್ನೂ ಅದರ ಮೇಲೆ ಎಳೆದಿಡಿ. ಕೆಳಗಿನ ವೃತ್ತವನ್ನು ಕಚ್ಚಿನ ಹಾಗೆ ಕತ್ತರಿಸಿ, ಮೇಲಿನದರ ನಡುವೆ ಮೊಳೆ ಹೋಗುವಷ್ಟು ತೂತು ಮಾಡಿ. ಇದರಲ್ಲಿ ಎತ್ತರ ಮಾತ್ರ ಅಲ್ಲ, ಮೇಲಿನ ಕೊಕ್ಕೆ ಎಷ್ಟು ಮುಂದೆ ಅಥವಾ ಹಿಂದೆ ಇದೆ ಅನ್ನುವುದೂ ಸಿಕ್ಕಿತು. ಬರೀ ಟೇಪ್ ಹಿಡಿದವರು ಮರೆಯುವುದು ಇದನ್ನೇ.

ಇನ್ನು ಉಪಕರಣ. ಸಿಮೆಂಟ್ ನೆಲದ ಮೇಲೆ, ಗದ್ದೆಯಲ್ಲಿ ಕೆಲಸ ಮಾಡುವಾಗ ಹೇಗೆ ನಿಲ್ಲುತ್ತದೋ ಹಾಗೇ ಮರದ ತುಂಡು ಕೊಟ್ಟು ನಿಲ್ಲಿಸಿ. ಅಂಗಳದ ಮಣ್ಣು ನೆಲ ಬೇಡ. ಎರಡೂ ಲೋವರ್ ತೂತುಗಳಲ್ಲಿ ಉದ್ದದ ಒಂದೇ ನೇರ ಸರಳು ತೂರಿಸಿ, ಅದಕ್ಕೆ ಬುಷ್ ಹಾಕಿ, ಅದರ ಮೇಲೆ ಅಚ್ಚಿನ ಕಚ್ಚು ಕೂರಿಸಿ. ಅಚ್ಚನ್ನು ತೂಗುಗುಂಡಿಗೆ ಸರಿಯಾಗಿ ಹಿಡಿದಾಗ ಮೇಲಿನ ತೂತು ಎಲ್ಲಿ ಬರುತ್ತದೋ ಅಲ್ಲೇ ಹೊಸ ಟಾಪ್ ಪಿನ್ ಬರಬೇಕು. ಅಲ್ಲಿ ಹಳೇ ಪಟ್ಟಿ ಇದ್ದು ಅಂಚಿನವರೆಗೆ ಸಾಕಷ್ಟು ಕಬ್ಬಿಣ ಉಳಿಯುವುದಾದರೆ ಸುಮ್ನೆ ತೂತು ಕೊರೆದರೆ ಸಾಕು. ಹೆಚ್ಚಿನ ಸಲ ಅಲ್ಲಿ ಗಾಳಿಯೇ ಇರುತ್ತದೆ. ಆಗ 12 ಮಿ.ಮೀ. ಪ್ಲೇಟಿನ ಎರಡು ಕಿವಿ ಬೆಸೆಯಬೇಕು. ಎರಡರ ನಡುವೆ ಕೊಕ್ಕೆ ಸಲೀಸಾಗಿ ತೂರಬೇಕು, ಅಡ್ಡಪಟ್ಟಿಗೆ ತಾಗಬಾರದು. ಕಿವಿಯಿಂದ ಹಿಂದಿನ ಫ್ರೇಮಿಗೆ ಒಂದು ಆಸರೆ ಪಟ್ಟಿ ಕೊಡಲೇಬೇಕು. ಎಳೆತ, ತಳ್ಳು ಎರಡೂ ಬೀಳುವ ಜಾಗ ಅದು.

ಬೆಸುಗೆಗೆ 7018 ರಾಡ್ ಒಳ್ಳೆಯದು. ಆದರೆ ನಮ್ಮ ಜೂನ್ ತಿಂಗಳ ಹವೆಯಲ್ಲಿ ಬಿಚ್ಚಿಟ್ಟ ಪ್ಯಾಕೆಟ್ ತೇವ ಹೀರಿ ಕೆಟ್ಟಿರುತ್ತದೆ, ಒಣಗಿಸಿದ ರಾಡ್ ಕೇಳಿ. ಹಾಗಾಗಿ ಈ ಕೆಲಸ ಮೇ ತಿಂಗಳ ಒಳಗೇ ಮುಗಿಸಿ ಅನ್ನುವುದು ನನ್ನ ಮಾತು. ಮೊದಲು ಅಲ್ಲಲ್ಲಿ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿಸಿ, ಕಿವಿಗಳ ತೂತಿಗೆ ಹಾಕಿದ ಸರಳು ಕೈಯಲ್ಲಿ ತಿರುಗುತ್ತದಾ ನೋಡಿ. ಆಮೇಲೆ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಬೆಸೆಯಿಸಿ. ಒಂದೇ ಕಡೆ ಪೂರ್ತಿ ಬೆಸೆದರೆ ಬಿಸಿಗೆ ಪ್ಲೇಟು ಎಳೆದುಕೊಂಡು ತೂತು ಓರೆಯಾಗುತ್ತದೆ. ಪಿನ್ನಿಗೆ ಮಾತ್ರ ರಾಡ್ ತಾಗಿಸಬೇಡಿ, ಹದ ಹೋಗಿ ಒಂದು ದಿನ ತುಂಡಾಗುತ್ತದೆ. ರೋಟವೇಟರ್ ಆದರೆ ಅರ್ಥಿಂಗ್ ಕ್ಲಾಂಪನ್ನು ಬೆಸೆಯುವ ಜಾಗದ ಹತ್ತಿರವೇ ಹಾಕಿಸಿ. ಬ್ಲೇಡಿಗೆ ಸಿಕ್ಕಿಸಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನು ಸುಡುತ್ತದೆ.

ಪಿಟಿಒ ಶಾಫ್ಟ್ ಮರೆತರೆ

ಹಿಚ್ ಹಾಕಿದ ಮೇಲೆ ಉಪಕರಣ ಸುಮಾರು ನಾಲ್ಕು ಇಂಚು ಹಿಂದೆ ಹೋಗುತ್ತದೆ. ಎಂಜಿನ್ನಿನ ತಿರುಗುಬಲವನ್ನು ರೋಟವೇಟರಿಗೆ ಒಯ್ಯುವ ಪಿಟಿಒ ಶಾಫ್ಟ್‌ನ ಒಳ ಕೊಳವೆ ಹೊರ ಕೊಳವೆಯೊಳಗೆ ಕಡಿಮೆ ಪಕ್ಷ ಮೂರನೇ ಒಂದು ಪಾಲು ಇರಬೇಕು. ಇಲ್ಲದಿದ್ದರೆ ಉದ್ದದ ಶಾಫ್ಟ್ ತನ್ನಿ, ತುಂಡು ಬೆಸೆದು ಉದ್ದ ಮಾಡಬೇಡಿ. 540 ಆರ್‌ಪಿಎಂನಲ್ಲಿ ತಿರುಗುವ ಸಾಮಾನು ಅದು. ಎಂಜಿನ್ ಆಫ್ ಮಾಡಿ, ಎತ್ತಿದ ಮತ್ತು ಇಳಿಸಿದ ಎರಡೂ ಸ್ಥಿತಿಯಲ್ಲಿ ಕೈಯಲ್ಲಿ ತಿರುಗಿಸಿ ನೋಡಿ. ಅತಿ ಕಿರಿದಾದಾಗಲೂ ಒಂದಿಂಚು ಬಿಡುವು ಉಳಿಯಬೇಕು, ಇಲ್ಲವಾದರೆ ಪೆಟ್ಟು ಗೇರ್‌ಬಾಕ್ಸಿಗೆ.

ಭಾರ ಹಿಂದೆ ಹೋದದ್ದರಿಂದ ಟ್ರ್ಯಾಕ್ಟರಿನ ಮೂತಿ ಹಗುರ ಆಗುತ್ತದೆ. ತಗ್ಗಿನ ಗದ್ದೆಯಾದ ಬೈಲಿನಿಂದ ಅದರ ಮೇಲಿನ ಮಜಲಿಗೆ ಹುಣಿ (ಗದ್ದೆಯ ಬದು) ಹತ್ತಿಸುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಮುಂದೆ ತೂಕದ ಪ್ಲೇಟು ಹಾಕದೆ ದೊಡ್ಡ ರೋಟವೇಟರ್ ಎತ್ತಬೇಡಿ.

ಮೊದಲ ಸಲ ಒಂದು ಗೇಣು ಮಾತ್ರ ಎತ್ತಿ, ನಿಲ್ಲಿಸಿ, ಇಳಿದು ಎರಡೂ ಲಾಕ್ ನೋಡಿ. ಸೀಟಿನಿಂದ ಇಳಿಯಬೇಕಿಲ್ಲ ಅನ್ನುವುದು ಜಾಹೀರಾತಿನ ಮಾತು. ರಿವರ್ಸ್ ಬರುವಾಗ ನಡುವೆ ಯಾರೂ ನಿಲ್ಲಬಾರದು, "ಬನ್ನಿ ಬನ್ನಿ" ಅನ್ನುವ ಮಗನೂ ಸಹ. ಪಿನ್ನು ಜಾರದಂತೆ ತಡೆಯುವ ಲಿಂಚ್ ಪಿನ್ ಕಳೆದರೆ ಹೊಸದು ತನ್ನಿ, ಮೊಳೆ ಬಗ್ಗಿಸಿ ಸಿಕ್ಕಿಸಬೇಡಿ. ಉಳುಮೆ ಆದ ದಿನವೇ ಕೊಕ್ಕೆಯ ಕೆಸರು ತೊಳೆದು ಲಾಕ್‌ನ ಸ್ಪ್ರಿಂಗಿಗೆ ಗ್ರೀಸ್ ಹಚ್ಚಿ. ಕಡಲ ಗಾಳಿ ಬೀಸುವ ಊರಲ್ಲಿ ಅದು ಬೇಗ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ತೆಳು ತಗಡಿನ ಕೊಕ್ಕೆ ಇರುವ ಅಗ್ಗದ ಹಿಚ್‌ಗಳಲ್ಲಂತೂ ಈ ಸ್ಪ್ರಿಂಗೇ ಮೊದಲು ಹೋಗುವುದು.

ತೆಂಗು, ಅಡಿಕೆಗೆ ಗುಂಡಿ ತೋಡುವ ಯಂತ್ರವನ್ನು ಇದಕ್ಕೆ ಹೊಂದಿಸಲು ಹೋಗಬೇಡಿ. ಅದರ ತೋಳು ಟಾಪ್ ಲಿಂಕ್ ಜಾಗದಲ್ಲೇ ಮೇಲೆ ಕೆಳಗೆ ಆಡಬೇಕು, ಕೊಕ್ಕೆಯಲ್ಲಿ ಅದು ಆಗುವುದಿಲ್ಲ. ಆ ದಿನ ಮೂರು ಪಿನ್ ತೆಗೆದು ಹಿಚ್ಚನ್ನು ಕೆಳಗಿಳಿಸಿ, ಯಂತ್ರವನ್ನು ನೇರ ಲಿಂಕ್‌ಗೇ ಸಿಕ್ಕಿಸಿ.