ಮುಂದಿನ ಎರಡು ಚಕ್ರ ಸಾಕಾ, ನಾಲ್ಕೂ ಬೇಕಾ? ವೇಗದ ಹ್ಯಾಚ್‌ಬ್ಯಾಕ್ ಆರಿಸುವುದು ಹೀಗೆ

ಮೊದಲು ಪವರ್ ನೋಡಿ. ಹ್ಯುಂಡೈ ಐ20 ಎನ್ ಲೈನ್, ಟಾಟಾ ಆಲ್ಟ್ರೋಜ್ ರೇಸರ್ ಎರಡರಲ್ಲೂ ಇರುವುದು 120 ಪಿಎಸ್ (ಎಂಜಿನ್ ಶಕ್ತಿಯ ಅಳತೆ, ಹೆಚ್ಚುಕಡಿಮೆ ಹಾರ್ಸ್‌ಪವರ್ ಇದ್ದಂತೆ). ಅಷ್ಟನ್ನು ಮುಂದಿನ ಚಕ್ರಗಳೇ ಆರಾಮಾಗಿ ರಸ್ತೆಗೆ ಇಳಿಸುತ್ತವೆ. ಆಲ್ ವೀಲ್ ಡ್ರೈವ್, ಅಂದರೆ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವ ವ್ಯವಸ್ಥೆ, ಇಲ್ಲ ಅಂತ ಕೊರಗುವುದು ಬೇಡ. ನಿಜವಾದ ಪ್ರಶ್ನೆ ಶುರುವಾಗುವುದು 250 ಪಿಎಸ್ ದಾಟಿದ ಮೇಲೆ.

ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ತಿರುಗಿಸುವುದು, ಎಳೆಯುವುದು ಎರಡೂ ಮುಂದಿನ ಟಯರ್‌ಗಳ ಕೆಲಸ. ಅದರ ಮೇಲೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಭಾರ ಹಿಂದಕ್ಕೆ ಸರಿದು ಮುಂಭಾಗ ಹಗುರಾಗುತ್ತದೆ, ಅಂದರೆ ಹಿಡಿತ ಜಾಸ್ತಿ ಬೇಕಾದ ಹೊತ್ತಿಗೇ ಅದು ಕಡಿಮೆಯಾಗುತ್ತದೆ. ತಿರುವಿನಲ್ಲಿ ಒಳಗಿನ ಚಕ್ರ ಸುಮ್ನೆ ಸುತ್ತುತ್ತದೆ, ಕಾರಿನ ಮೂತಿ ಹೊರಕ್ಕೆ ಜಾರುತ್ತದೆ.

ಆದ್ದರಿಂದ ಎರಡನೆಯದಾಗಿ, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆಯಾ ಕೇಳಿ. ಡಿಫರೆನ್ಷಿಯಲ್ ಅಂದರೆ ಎಡ, ಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಜೋಡಣೆ. ಲಿಮಿಟೆಡ್ ಸ್ಲಿಪ್ ಇದ್ದರೆ ಅದು ಸುಮ್ನೆ ಸುತ್ತುವ ಚಕ್ರದ ಬಲವನ್ನು ಹಿಡಿತ ಇರುವ ಹೊರಗಿನ ಚಕ್ರಕ್ಕೆ ಕೊಡುತ್ತದೆ. 2025ರಲ್ಲಿ ಭಾರತಕ್ಕೆ ಬಂದ 265 ಪಿಎಸ್‌ನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐನಲ್ಲಿ ಎಲೆಕ್ಟ್ರಾನಿಕ್ ಆಗಿ ಇದೇ ಕೆಲಸ ಮಾಡುವ ಕ್ಲಚ್ ಇದೆ. ಹೋಂಡಾ ಸಿವಿಕ್ ಟೈಪ್ ಆರ್ ಅಂತೂ 2023ರಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕನ್ನು 7 ನಿಮಿಷ 44.881 ಸೆಕೆಂಡಿನಲ್ಲಿ ಸುತ್ತಿ ಫ್ರಂಟ್ ವೀಲ್ ಡ್ರೈವ್ ಕಾರುಗಳ ದಾಖಲೆ ಮಾಡಿತು. ಇನ್ನೇನು ಬೇಕು?

ಆಲ್ ವೀಲ್ ಡ್ರೈವ್‌ನ ಲಾಭ ಕಾಣುವುದು ನಿಂತಲ್ಲಿಂದ ಹೊರಡುವಾಗ, ಒದ್ದೆ ತಿರುವಿನಿಂದ ಆಚೆ ಬರುವಾಗ. 421 ಪಿಎಸ್‌ನ ಮರ್ಸಿಡಿಸ್ ಎಎಂಜಿ ಎ 45 ಎಸ್ 3.9 ಸೆಕೆಂಡಿನಲ್ಲಿ ಗಂಟೆಗೆ ನೂರು ಕಿ.ಮೀ. ವೇಗ ಮುಟ್ಟುವುದು ನಾಲ್ಕೂ ಚಕ್ರ ದುಡಿಯುವುದರಿಂದಲೇ. ಟೊಯೋಟ ಜಿಆರ್ ಯಾರಿಸ್ ಮೊದಲು ಬಂದಾಗ ಸ್ಪೋರ್ಟ್ ಮೋಡ್‌ನಲ್ಲಿ ಬಲದ ಶೇ 70ರಷ್ಟನ್ನು ಹಿಂದಕ್ಕೇ ಕಳಿಸುತ್ತಿತ್ತು. ಅದರ ಮಜವೇ ಬೇರೆ.

ಆದರೆ ದಯವಿಟ್ಟು ಇದನ್ನು ನೆನಪಿಡಿ: ಬ್ರೇಕ್ ಹಾಕುವಾಗ ಆಲ್ ವೀಲ್ ಡ್ರೈವ್ ನಿಮಗೆ ಏನೂ ಸಹಾಯ ಮಾಡುವುದಿಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ ಅಲ್ವಾ? ಮಳೆಯಲ್ಲಿ ಆಗುಂಬೆ ಘಾಟಿ ಹತ್ತುವಾಗ ಸಿಕ್ಕ ಹಿಡಿತವನ್ನು ನಂಬಿ ಅದೇ ಧೈರ್ಯದಲ್ಲಿ ಇಳಿಯಲು ಹೋದರೆ ಅಪಾಯ. ಅಲ್ಲಿ ಕಾಯುವುದು ಟಯರ್ ಮಾತ್ರ. ಕೆಸರು ರಸ್ತೆಗೆ ಅಂತಲೂ ಇಂಥ ಕಾರು ತಗೊಳ್ಳಬೇಡಿ, ಹೊಟ್ಟೆ ನೆಲಕ್ಕೆ ತಾಗುತ್ತದೆ.

ಟೆಸ್ಟ್ ಡ್ರೈವ್‌ನಲ್ಲಿ ಹೀಗೆ ಮಾಡಿ. ಖಾಲಿ ರಸ್ತೆಯಲ್ಲಿ, ಎರಡನೇ ಗೇರ್‌ನಲ್ಲಿ, ನಿಧಾನವಾಗಿ ತಿರುವು ದಾಟುತ್ತಾ ಆಕ್ಸಿಲರೇಟರ್ ಮೆಲ್ಲಗೆ ಹೆಚ್ಚಿಸಿ. ಸ್ಟೇರಿಂಗ್ ಕೈಯನ್ನು ಪಕ್ಕಕ್ಕೆ ಎಳೆಯುತ್ತದೆಯಾ, ಕಾರು ನೀವು ಅಂದುಕೊಂಡ ಗೆರೆ ಬಿಟ್ಟು ಅಗಲವಾಗಿ ಹೋಗುತ್ತದೆಯಾ ಗಮನಿಸಿ. ಎರಡೂ ಇಲ್ಲದಿದ್ದರೆ ಫ್ರಂಟ್ ವೀಲ್ ಡ್ರೈವ್ ಸಾಕು.

ಕೊನೆಗೆ ಖರ್ಚು. ಆಲ್ ವೀಲ್ ಡ್ರೈವ್ ಅಂದರೆ ತೂಕ ಜಾಸ್ತಿ, ಪೆಟ್ರೋಲ್ ಜಾಸ್ತಿ, ಹಿಂದಿನ ಡಿಫರೆನ್ಷಿಯಲ್‌ನ ಎಣ್ಣೆ ಬೇರೆ. ಒಂದು ಟಯರ್ ಹರಿದರೆ ಅದೊಂದನ್ನೇ ಬದಲಿಸಲು ಆಗದಿರಬಹುದು, ಯಾಕೆಂದರೆ ನಾಲ್ಕರ ಸವೆತ ಹೆಚ್ಚುಕಡಿಮೆ ಒಂದೇ ಇರಬೇಕು. ವಾರದಲ್ಲಿ ಐದು ದಿನ ಬೆಂಗಳೂರಿನ ಟ್ರಾಫಿಕ್, ಯಾವಾಗಲಾದರೂ ಚಾರ್ಮಾಡಿ ಅನ್ನುವವರಿಗೆ ನಾನು ಹೇಳುವುದು, ಒಳ್ಳೆಯ ಡಿಫರೆನ್ಷಿಯಲ್ ಇರುವ ಫ್ರಂಟ್ ವೀಲ್ ಡ್ರೈವ್ ತಗೊಳ್ಳಿ, ಉಳಿದ ದುಡ್ಡಲ್ಲಿ ಮಳೆಗಾಲಕ್ಕೆ ಮುಂಚೆ ನಾಲ್ಕು ಒಳ್ಳೆ ಟಯರ್ ಹಾಕಿಸಿ.